ಸಹಜ ಕ್ರಮ: ಕಾಳಿನ ಬೆಲೆಯಲ್ಲಿ ಸಮಾಜದ ಕಾನೂನು ಹುಡುಕಿದ ಫ್ರೆಂಚ್ ಅರ್ಥಚಿಂತಕರು

ರೈತ ತನ್ನ ಬೆಳೆಯನ್ನು ಎಲ್ಲಿ ಬೇಕಾದರೂ, ಯಾರಿಗೆ ಬೇಕಾದರೂ ಮಾರಬಹುದೇ? ಇಲ್ಲ, ಸರ್ಕಾರ ಗೊತ್ತುಮಾಡಿದ ಮಾರುಕಟ್ಟೆಯಲ್ಲೇ ಮಾರಬೇಕೇ? 2020ರಲ್ಲಿ ಕೇಂದ್ರ ಸರ್ಕಾರ ಕೃಷಿ ಕಾನೂನುಗಳನ್ನು ತಂದಾಗ ಎಪಿಎಂಸಿ ಅಂಗಳದಿಂದ ಟಿವಿ ಚರ್ಚೆಯವರೆಗೆ ಕೇಳಿಬಂದ ಪ್ರಶ್ನೆ ಇದೇ. 2021ರ ಕೊನೆಗೆ ಆ ಕಾನೂನುಗಳು ರದ್ದಾದವು. ಪ್ರಶ್ನೆ ಮಾತ್ರ ಉಳಿದುಕೊಂಡಿದೆ. ಈ ಜಗಳದಲ್ಲಿ ಎರಡೂ ಕಡೆಯವರು ಆಡಿದ ಮಾತುಗಳಲ್ಲಿ ಬಹಳಷ್ಟು ಸುಮಾರು ಇನ್ನೂರ ಐವತ್ತು ವರ್ಷ ಹಿಂದೆ ಫ್ರಾನ್ಸ್‌ನಲ್ಲಿ ಲೆಕ್ಕಾಚಾರದ ಸಮೇತ ಮುದ್ರಣವಾಗಿದ್ದವು. ಅವನ್ನು ಬರೆದವರು ‘ಫಿಸಿಯೋಕ್ರಾಟ್’ ಎಂದು ಹೆಸರಾದ ಒಂದು ಸಣ್ಣ ಗುಂಪು. ಅವರ ಇಡೀ ವಾದ ನಿಂತದ್ದು ಒಂದೇ ನಂಬಿಕೆಯ ಮೇಲೆ: ಸಮಾಜಕ್ಕೂ ಪ್ರಕೃತಿಗೆ ಇರುವಂಥದ್ದೇ ಒಂದು ಸಹಜ ಕ್ರಮವಿದೆ, ಅದನ್ನು ಕಂಡುಹಿಡಿಯಬಹುದು, ಮತ್ತು ಕಾನೂನುಗಳು ಅದಕ್ಕೆ ಹೊಂದಿಕೊಳ್ಳಬೇಕು.

ಈ ಕಲ್ಪನೆಯನ್ನು ‘ಎಲ್ಲವನ್ನೂ ಅದರ ಪಾಡಿಗೆ ಬಿಟ್ಟುಬಿಡಿ’ ಎಂಬ ಒಂದೇ ಸಾಲಿಗೆ ಇಳಿಸಿ ಹೇಳುವುದು ರೂಢಿ. ಅದು ಅರ್ಧ ಸತ್ಯ. ಉಳಿದರ್ಧದಲ್ಲಿ ಲೆಕ್ಕವಿದೆ, ತೆರಿಗೆಯಿದೆ, ಬಲವಾದ ಪ್ರಭುತ್ವವೂ ಇದೆ.

ಆಗಿನ ಫ್ರಾನ್ಸ್

ಹದಿನೆಂಟನೇ ಶತಮಾನದ ನಡುವಿನ ಫ್ರಾನ್ಸ್ ಬೇಸಾಯದ ದೇಶ. ಜನರ ಮುಖ್ಯ ಆಹಾರ ರೊಟ್ಟಿ. ಹಾಗಾಗಿ ಧಾನ್ಯದ ವ್ಯಾಪಾರದ ಮೇಲೆ ಅಧಿಕಾರಿಗಳ ಕಣ್ಣು ಸದಾ ಇರುತ್ತಿತ್ತು. ವ್ಯಾಪಾರಿಗಳು ಹೆಸರು ನೋಂದಾಯಿಸಬೇಕು, ಗೊತ್ತಾದ ಸಂತೆಯಲ್ಲೇ ಕೊಳ್ಳಬೇಕು, ಮಾಲನ್ನು ಕೂಡಿಟ್ಟರೆ ದಂಡ ತೆರಬೇಕು. ಅಪ್ಪಣೆಯಿಲ್ಲದೆ ಧಾನ್ಯ ದೇಶದ ಗಡಿ ದಾಟುವಂತಿಲ್ಲ. ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೂ ಹಲವೆಡೆ ತಡೆ.

ಇದರ ಹಿಂದೆ ಎರಡು ಉದ್ದೇಶಗಳಿದ್ದವು. ಊರಿನವರಿಗೆ ರೊಟ್ಟಿ ಅಗ್ಗವಾಗಿ ಸಿಗಬೇಕು, ಇದು ಮೊದಲನೆಯದು. ಎರಡನೆಯದು ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ ಕಾಲದಿಂದ ಬಂದ ನೀತಿ: ಕಾರ್ಖಾನೆಗಳನ್ನು ಬೆಳೆಸಿ, ಪದಾರ್ಥಗಳನ್ನು ಹೊರಗೆ ಮಾರಿ, ಚಿನ್ನ ಬೆಳ್ಳಿಯನ್ನು ಒಳಗೆ ತರಬೇಕು. ಕೂಲಿ ಅಗ್ಗವಾಗಬೇಕಾದರೆ ರೊಟ್ಟಿ ಅಗ್ಗವಾಗಬೇಕು. ಅದರ ನಷ್ಟ ಹೊರುತ್ತಿದ್ದವನು ಬೆಳೆಗಾರ.

ತೆರಿಗೆಗಳಂತೂ ಗೋಜಲು. ರೈತರ ಮೇಲೆ ಬೀಳುತ್ತಿದ್ದ ‘ತಾಯ್’, ಉಪ್ಪಿನ ಮೇಲಿನ ‘ಗಾಬೆಲ್’, ರಸ್ತೆ ಕೆಲಸಕ್ಕೆ ಸಂಬಳವಿಲ್ಲದೆ ದುಡಿಯಬೇಕಾದ ‘ಕೋರ್ವೆ’ ಎಂಬ ಬಿಟ್ಟಿ. ಉಪ್ಪು, ಹೊಗೆಸೊಪ್ಪು ಮುಂತಾದವುಗಳ ತೆರಿಗೆಯನ್ನು ರಾಜ ಗುತ್ತಿಗೆಗೆ ಕೊಡುತ್ತಿದ್ದ. ಗುತ್ತಿಗೆದಾರರು ಖಜಾನೆಗೆ ಗೊತ್ತಾದ ಮೊತ್ತ ಕಟ್ಟಿ ಉಳಿದದ್ದನ್ನು ತಾವು ಇಟ್ಟುಕೊಳ್ಳುತ್ತಿದ್ದರು. ಗಣ್ಯರಿಗೂ ಚರ್ಚಿಗೂ ಹಲವು ವಿನಾಯಿತಿಗಳಿದ್ದವು. ಇದರ ಮೇಲೆ 1756ರಿಂದ 1763ರವರೆಗೆ ಏಳು ವರ್ಷಗಳ ಯುದ್ಧ ನಡೆದು ಖಜಾನೆ ಬರಿದಾಯಿತು.

ಧಾನ್ಯದ ಬೆಲೆಯನ್ನು ಬಲವಂತವಾಗಿ ಇಳಿಸಿದರೆ ಮೊದಲು ರೈತ, ಅವನ ಹಿಂದೆ ಉಳಿದವರೆಲ್ಲ ಹಾಳಾಗುತ್ತಾರೆ ಎಂದು ರುವಾನ್ ನಗರದ ನ್ಯಾಯಾಧಿಕಾರಿ ಬ್ವಾಗಿಲ್ಬೇರ್ 1695ರಲ್ಲೇ ಬರೆದಿದ್ದರು. ಆಗ ಯಾರೂ ಅದಕ್ಕೆ ಕಿವಿಗೊಡಲಿಲ್ಲ.

ಅರಮನೆಯ ವೈದ್ಯ

ಗುಂಪಿನ ಗುರು ಫ್ರಾನ್ಸ್ವಾ ಕೆನೇ (1694–1774). ಮೂಲತಃ ಶಸ್ತ್ರಚಿಕಿತ್ಸಕರು. ರಕ್ತ ತೆಗೆಯುವ ಚಿಕಿತ್ಸೆಯ ಬಗ್ಗೆ 1730ರಲ್ಲಿ ಒಂದು ಪುಸ್ತಕ ಬರೆದು ವೈದ್ಯ ವಲಯದಲ್ಲಿ ಹೆಸರು ಮಾಡಿದ್ದರು. 1749ರಲ್ಲಿ ಹದಿನೈದನೇ ಲೂಯಿಯ ಪ್ರೇಯಸಿ ಮದಾಂ ದ ಪಾಂಪದೂರ್ ಅವರ ವೈದ್ಯರಾಗಿ ವರ್ಸೈ ಅರಮನೆ ಸೇರಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ತಗ್ಗು ಚಾವಣಿಯ ನಡುಮಹಡಿಯ ಕೋಣೆಗಳು. ಡಿಡೆರೊ, ದಾಲಂಬೇರ್, ತ್ಯುರ್ಗೊ ಮುಂತಾದವರು ಅಲ್ಲಿಗೆ ಬಂದು ಹರಟುತ್ತಿದ್ದರು.

ಕೆನೇ ಅರ್ಥಶಾಸ್ತ್ರಕ್ಕೆ ಇಳಿದದ್ದು ಅರವತ್ತು ದಾಟಿದ ಮೇಲೆ. ಡಿಡೆರೊ ಸಂಪಾದಿಸುತ್ತಿದ್ದ ವಿಶ್ವಕೋಶಕ್ಕೆ ಬೇಸಾಯಗಾರರ ಮೇಲೊಂದು (1756), ಧಾನ್ಯದ ಮೇಲೊಂದು (1757) ಲೇಖನ ಬರೆದರು. 1758ರ ಕೊನೆಗೆ, ದೇಶದ ಉತ್ಪನ್ನ ವರ್ಗ ವರ್ಗಗಳ ನಡುವೆ ಹೇಗೆ ಹರಿಯುತ್ತದೆ ಎಂದು ತೋರಿಸುವ ತಮ್ಮ ‘ಆರ್ಥಿಕ ಕೋಷ್ಟಕ’ ರಚಿಸಿದರು. 1757ರಲ್ಲಿ ಅವರನ್ನು ಭೇಟಿಯಾದ ಮಾರ್ಕ್ವಿಸ್ ದ ಮಿರಾಬೊ ಮೊದಲ ಶಿಷ್ಯ. ಜನಸಂಖ್ಯೆ ಹೆಚ್ಚಿದರೆ ಸಂಪತ್ತು ಹೆಚ್ಚುತ್ತದೆ ಎಂದು ನಂಬಿದ್ದ ಮಿರಾಬೊಗೆ, ಮೊದಲು ಅನ್ನ ಬೆಳೆಯಲಿ, ಜನ ತಾವಾಗಿ ಬೆಳೆಯುತ್ತಾರೆ ಎಂದು ಕೆನೇ ಮನಗಾಣಿಸಿದರು. ಮುಂದೆ ಮಾರ್ಟಿನಿಕ್ ದ್ವೀಪದಲ್ಲಿ ಆಡಳಿತಾಧಿಕಾರಿಯಾಗಿದ್ದ ಲ ಮರ್ಸಿಯೆ ದ ಲಾ ರಿವಿಯೇರ್, ಯುವಕ ದ್ಯುಪಾಂ ದ ನೆಮೂರ್ ಬಂದು ಸೇರಿದರು. ಲ ಮರ್ಸಿಯೆ 1767ರಲ್ಲಿ ಬರೆದ ಪುಸ್ತಕದ ಶೀರ್ಷಿಕೆಯಲ್ಲೇ ‘ಸಹಜ ಮತ್ತು ಅತ್ಯಗತ್ಯ ಕ್ರಮ’ ಎಂಬ ಮಾತಿದೆ.

ಸಹಜ ಕ್ರಮ ಎಂದರೆ ಏನು?

ಕೆನೇ 1765ರಲ್ಲಿ ಸಹಜ ಹಕ್ಕಿನ ಬಗ್ಗೆ ಒಂದು ಪ್ರಬಂಧ ಬರೆದರು. ಅದರಲ್ಲಿ ಸಹಜ ಕ್ರಮಕ್ಕೆ ಎರಡು ಪದರಗಳು ಕಾಣುತ್ತವೆ.

ಕೆಳಗಿನದು ಭೌತಿಕ ನಿಯಮಗಳ ಪದರ. ಬೀಜ ಮೊಳೆಯುವುದು, ಮಳೆ ಬರುವುದು, ಗೊಬ್ಬರ ಬಿದ್ದ ನೆಲ ಹೆಚ್ಚು ಕೊಡುವುದು, ದುಡಿದವನಿಗೆ ಹಸಿವಾಗುವುದು. ಇವು ಯಾರ ಅಪ್ಪಣೆಗೂ ಕಾಯುವುದಿಲ್ಲ. ಮಳೆ ದಾರಿಹೋಕನಿಗೆ ಕಿರಿಕಿರಿ ಕೊಡುತ್ತದೆ, ಆದರೆ ಅದೇ ಮಳೆ ಹೊಲವನ್ನು ಫಲವತ್ತು ಮಾಡುತ್ತದೆ ಎಂದು ಕೆನೇ ಬರೆಯುತ್ತಾರೆ. ದೇವರು ಬಿಡಿ ಬಿಡಿ ಘಟನೆಗಳಲ್ಲಿ ಕೈಯಾಡಿಸದೆ ಸರಳ, ಸಾಮಾನ್ಯ ನಿಯಮಗಳಿಂದ ಜಗತ್ತನ್ನು ನಡೆಸುತ್ತಾನೆ ಎಂದಿದ್ದ ತತ್ತ್ವಜ್ಞಾನಿ ಮಾಲ್‌ಬ್ರಾಂಶ್ ಅವರ ಪ್ರಭಾವ ಇಲ್ಲಿ ಎದ್ದು ಕಾಣುತ್ತದೆ.

ಮೇಲಿನದು ನೈತಿಕ ನಿಯಮಗಳ ಪದರ. ಭೌತಿಕ ನಿಯಮಗಳು ಹೀಗಿರುವಾಗ, ಮನುಷ್ಯರು ಹೇಗೆ ನಡೆದುಕೊಂಡರೆ ಎಲ್ಲರಿಗೂ ಅತ್ಯಂತ ಅನುಕೂಲವಾಗುತ್ತದೆ? ಬಿತ್ತಿದವನಿಗೆ ಕೊಯ್ಯುವ ಭರವಸೆ ಇಲ್ಲದಿದ್ದರೆ ಯಾರೂ ಬಿತ್ತುವುದಿಲ್ಲ. ಆದ್ದರಿಂದ ಆಸ್ತಿಗೆ ಭದ್ರತೆ ಬೇಕು. ತನ್ನ ದೇಹ, ದುಡಿಮೆಯ ಮೇಲಿನ ಒಡೆತನ ಮೊದಲನೆಯದು. ಅದರಿಂದ ಗಳಿಸಿದ ಚರಾಸ್ತಿ, ಕೊನೆಗೆ ಭೂಮಿ. ಒಡೆತನವಿದ್ದು ಮಾರಲು ಬಿಡದಿದ್ದರೆ ಒಡೆತನ ಹೆಸರಿಗಷ್ಟೇ. ಆದ್ದರಿಂದ ಕೊಡುಕೊಳ್ಳುವ ಸ್ವಾತಂತ್ರ್ಯವೂ ಬೇಕು. ವಾದ ಹೀಗೆ ಹೊಲದಿಂದ ಹೊರಟು ಕಾನೂನಿನವರೆಗೆ ಏರುತ್ತದೆ.

ಎಲ್ಲರಿಗೂ ಎಲ್ಲದರ ಮೇಲೂ ಹಕ್ಕಿದೆ ಎನ್ನುವ ಹಳೆಯ ಮಾತನ್ನು ಕೆನೇ ಒಪ್ಪಲಿಲ್ಲ. ಗಾಳಿಯಲ್ಲಿ ಹಾರುವ ನುಸಿಗಳೆಲ್ಲದರ ಮೇಲೂ ಕವಲುತೋಕೆ ಹಕ್ಕಿಗೆ ಹಕ್ಕಿರಬಹುದು, ಆದರೆ ಅದು ಶ್ರಮಪಟ್ಟು ಹಿಡಿದಷ್ಟೇ ಅದರದು ಎಂದು ಅವರು ಹೇಳುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ‘ಸಹಜ’ ಎಂದರೆ ತಾನಾಗಿ ನಡೆಯುತ್ತಿರುವುದು ಎಂದಲ್ಲ. ಕೆನೇ ಕಣ್ಣಿಗೆ ಅಂದಿನ ಫ್ರಾನ್ಸ್ ಸಹಜ ಕ್ರಮದಿಂದ ಬಹಳ ದೂರ ಸರಿದ ದೇಶ. ಮನುಷ್ಯನಿಗೆ ಸ್ವಾತಂತ್ರ್ಯವಿದೆ, ಹಾಗಾಗಿ ಅವನು ನಿಯಮ ಮೀರಬಲ್ಲ. ಮೀರಿದರೆ ಇಳುವರಿ ಇಳಿದು, ಬಡತನ ಬಂದು, ಜನಸಂಖ್ಯೆ ಕುಗ್ಗಿ ತಕ್ಕ ಪ್ರತಿಫಲ ಸಿಗುತ್ತದೆ. ವೈದ್ಯರಿಗೆ ಆರೋಗ್ಯ ಎಂಬುದು ಹೇಗೋ ಇವರಿಗೆ ಸಹಜ ಕ್ರಮ ಹಾಗೆ: ದೇಹಕ್ಕೆ ಸ್ವಭಾವತಃ ತಕ್ಕ ಸ್ಥಿತಿ, ಆದರೆ ರೋಗಿಯಲ್ಲಿ ಸದ್ಯಕ್ಕೆ ಇಲ್ಲದ್ದು.

ನಿವ್ವಳ ಉತ್ಪನ್ನ ಮತ್ತು ಮುಂಗಡ

ಈ ಕ್ರಮವನ್ನು ಅಳೆಯುವ ಮಾನದಂಡವೇ ‘ನಿವ್ವಳ ಉತ್ಪನ್ನ’. ಬಂದ ಬೆಳೆಯ ಬೆಲೆಯಲ್ಲಿ ಬೆಳೆಯಲು ತಗುಲಿದ ಖರ್ಚೆಲ್ಲ ಕಳೆದು ಉಳಿದದ್ದು. ಖರ್ಚನ್ನು ಅವರು ‘ಮುಂಗಡ’ ಎಂದು ಕರೆದು ಮೂರು ಬಗೆ ಮಾಡಿದರು.

ಭೂಮುಂಗಡ ಎಂದರೆ ಕಾಡು ಕಡಿದು, ನೀರು ಬಸಿದು, ಬೇಲಿ ಕಟ್ಟಡ ಹಾಕಿ ನೆಲವನ್ನು ಬೇಸಾಯಕ್ಕೆ ತಂದ ಖರ್ಚು. ಇದು ಜಮೀನುದಾರನದು. ಮೂಲ ಮುಂಗಡ ಎಂದರೆ ಕುದುರೆ, ದನ, ನೇಗಿಲು, ಗಾಡಿ. ವಾರ್ಷಿಕ ಮುಂಗಡ ಎಂದರೆ ಬೀಜ, ಕೂಲಿ, ಮೇವು. ಈ ಎರಡೂ ಬೇಸಾಯಗಾರನವು. ವಾರ್ಷಿಕ ಮುಂಗಡ ಆಯಾ ವರ್ಷವೇ ಪೂರ್ತಿ ಮರಳಬೇಕು. ಮೂಲ ಮುಂಗಡದ ಮೇಲೆ ವರ್ಷಕ್ಕೆ ನೂರಕ್ಕೆ ಹತ್ತರಂತೆ ಸಿಗಬೇಕು ಎಂದು ಕೆನೇ ಲೆಕ್ಕ ಹಾಕಿದರು. ಸವೆದ ನೇಗಿಲು, ಮುದಿಯಾದ ಕುದುರೆ ಬದಲಿಸಬೇಕು. ಅದರ ಜೊತೆಗೆ ಆಲಿಕಲ್ಲು, ಹಿಮ, ಕಾಡಿಗೆ ರೋಗ, ಪ್ರವಾಹ, ಜಾನುವಾರು ಸಾವು ಇವಕ್ಕೆಲ್ಲ ಒಂದಿಷ್ಟು ಎತ್ತಿಡಬೇಕು.

ನಮ್ಮ ಕೆರೆಯನ್ನು ನೆನೆದರೆ ಇದು ಸುಲಭ. ಏರಿಯ ಒಳಗೆ ನಿಂತ ನೀರು ಮುಂಗಡ. ಕೆರೆ ತುಂಬಿ ಕೋಡಿಯಲ್ಲಿ ಹರಿಯುವ ನೀರು ನಿವ್ವಳ ಉತ್ಪನ್ನ. ಕೋಡಿ ನೀರನ್ನು ಯಾರು ಹೇಗೆ ಬಳಸಿದರೂ ಕೆರೆಗೆ ತೊಂದರೆಯಿಲ್ಲ. ಏರಿಯನ್ನೇ ಒಡೆದು ನೀರು ಒಯ್ದರೆ ಮುಂದಿನ ವರ್ಷದ ಬೆಳೆಯೂ ಹೋಯಿತು. ಫಿಸಿಯೋಕ್ರಾಟರ ತೆರಿಗೆ ನೀತಿಯೆಲ್ಲ ಈ ಎರಡು ನೀರುಗಳ ವ್ಯತ್ಯಾಸ.

ಕೆನೇ ಮನಸ್ಸಿನಲ್ಲಿದ್ದ ಮಾದರಿ ಉತ್ತರ ಫ್ರಾನ್ಸ್‌ನ ದೊಡ್ಡ ಬೇಸಾಯ. ಅಲ್ಲಿ ಬಂಡವಾಳವಿದ್ದ ಗೇಣಿದಾರ ಕುದುರೆ ಕಟ್ಟಿ ಉಳುತ್ತಿದ್ದ. ದೇಶದ ಹೆಚ್ಚಿನ ಭಾಗದಲ್ಲಿ ಇದ್ದದ್ದು ಎತ್ತು ಕಟ್ಟಿ ಉಳುವ, ಕೈಯಲ್ಲಿ ಕಾಸಿಲ್ಲದ ಪಾಲುದಾರರ ಸಣ್ಣ ಬೇಸಾಯ. ಅಲ್ಲಿ ಮುಂಗಡ ಕಡಿಮೆ, ಗೊಬ್ಬರ ಕಡಿಮೆ, ಹಾಗಾಗಿ ಖರ್ಚು ಕಳೆದು ಉಳಿಯುವುದೂ ಬಹಳ ಕಡಿಮೆ.

ಐನೂರು ಕೋಟಿಯ ಲೆಕ್ಕ

ಕೋಷ್ಟಕದ ಮೊದಲ ರೂಪದಲ್ಲಿ ಅಂಕಣಗಳ ನಡುವೆ ಓರೆ ಗೆರೆಗಳು ಅತ್ತಿಂದಿತ್ತ ಓಡುತ್ತವೆ, ನೋಡಿದರೆ ತಲೆ ತಿರುಗುತ್ತದೆ. 1766ರ ಸರಳ ರೂಪ ಹಿಡಿಯೋಣ. ಅಲ್ಲಿನ ನಾಣ್ಯ ಲಿವ್ರ್. ಒಂದು ಲಿವ್ರ್‌ಗೆ 20 ಸೂ. ಇವು ಮಾದರಿ ಅಂಕಿಗಳು: ಸಹಜ ಕ್ರಮ ಪೂರ್ತಿ ಜಾರಿಯಲ್ಲಿರುವ ಒಂದು ದೊಡ್ಡ ರಾಜ್ಯ ಹೀಗಿರುತ್ತದೆ ಎಂಬ ಚಿತ್ರ.

ಸಮಾಜದಲ್ಲಿ ಮೂರು ವರ್ಗ. ಬೇಸಾಯ ಮಾಡುವವರು ‘ಉತ್ಪಾದಕ ವರ್ಗ’. ಜಮೀನಿನ ಒಡೆಯರು, ರಾಜ, ಬೆಳೆಯ ದಶಾಂಶ ಪಡೆಯುವ ಚರ್ಚು ಸೇರಿ ‘ಮಾಲೀಕ ವರ್ಗ’. ಕುಶಲಕರ್ಮಿಗಳು, ವ್ಯಾಪಾರಿಗಳು ‘ಬರಡು ವರ್ಗ’.

ಸುಗ್ಗಿ ಮುಗಿದಿದೆ. ಬೇಸಾಯಗಾರರ ಬಳಿ 500 ಕೋಟಿ ಲಿವ್ರ್ ಬೆಲೆಯ ಉತ್ಪನ್ನವಿದೆ. ಮಾಲೀಕರ ಕೈಯಲ್ಲಿ ಗೇಣಿಯಾಗಿ ಬಂದ 200 ಕೋಟಿ ನಗದಿದೆ. ಮಾಲೀಕರು 100 ಕೋಟಿಗೆ ಬೇಸಾಯಗಾರರಿಂದ ಆಹಾರ ಕೊಳ್ಳುತ್ತಾರೆ, ಇನ್ನು 100 ಕೋಟಿಗೆ ಕುಶಲಕರ್ಮಿಗಳಿಂದ ಬಟ್ಟೆ, ಪೀಠೋಪಕರಣ ಕೊಳ್ಳುತ್ತಾರೆ. ಕುಶಲಕರ್ಮಿಗಳು ಆ ಹಣದಲ್ಲಿ ಬೇಸಾಯಗಾರರಿಂದ 100 ಕೋಟಿಯ ಆಹಾರ ಕೊಳ್ಳುತ್ತಾರೆ. ಬೇಸಾಯಗಾರರು ಸವೆದ ಸಾಮಾನು ಬದಲಿಸಲು 100 ಕೋಟಿಯನ್ನು ಕುಶಲಕರ್ಮಿಗಳಿಗೆ ಕೊಡುತ್ತಾರೆ. ಇದೇ ಮೇಲೆ ಹೇಳಿದ ನೂರಕ್ಕೆ ಹತ್ತು, ಏಕೆಂದರೆ ಮೂಲ ಮುಂಗಡ 1,000 ಕೋಟಿ. ಕುಶಲಕರ್ಮಿಗಳು ಆ 100 ಕೋಟಿಯನ್ನೂ ಉಣ್ಣೆ, ನಾರು, ಮರ, ತೊಗಲು ಕೊಳ್ಳಲು ಮತ್ತೆ ಬೇಸಾಯಗಾರರಿಗೇ ಕೊಡುತ್ತಾರೆ.

ಈಗ ಲೆಕ್ಕ ನೋಡಿ. ಬೇಸಾಯಗಾರರು ಮಾರಿದ್ದು 300 ಕೋಟಿಯ ಮಾಲು, ಕೈಗೆ ಬಂದದ್ದು 300 ಕೋಟಿ ನಗದು. ಅದರಲ್ಲಿ 100 ಕೋಟಿ ಸಾಮಾನಿಗೆ ಹೋಯಿತು, ಉಳಿದ 200 ಕೋಟಿ ಮುಂದಿನ ಗೇಣಿ. ಮಾರದೆ ಉಳಿಸಿಕೊಂಡ 200 ಕೋಟಿಯ ಉತ್ಪನ್ನ ಬೀಜ, ಮೇವು, ಊಟ. ಅದೇ ವಾರ್ಷಿಕ ಮುಂಗಡ. ಕುಶಲಕರ್ಮಿಗಳಿಗೆ ಬಂದದ್ದು 200 ಕೋಟಿ, ಹೋದದ್ದು 200 ಕೋಟಿ. ವರ್ಷ ತಿರುಗಿದಾಗ ಎಲ್ಲರೂ ಹೊರಟಲ್ಲಿಗೇ ಬಂದಿದ್ದಾರೆ, ಮತ್ತೆ 500 ಕೋಟಿಯ ಬೆಳೆ ತೆಗೆಯಬಹುದು.

ಕುಶಲಕರ್ಮಿಗಳನ್ನು ‘ಬರಡು’ ಎಂದದ್ದು ಈ ಕಾರಣಕ್ಕೆ. ಅವರು ನಿರುಪಯೋಗಿಗಳು ಎಂದು ಕೆನೇ ಹೇಳಲಿಲ್ಲ. ಅವರು ತಿಂದ, ಬಳಸಿದ ವಸ್ತುವಿನ ಬೆಲೆಯಷ್ಟೇ ಅವರು ಮಾಡಿದ ವಸ್ತುವಿಗೂ ಬರುತ್ತದೆ, ಮೇಲೆ ಏನೂ ಉಳಿಯುವುದಿಲ್ಲ ಎಂದರು. ಒಂದು ಕಾಳು ಬಿತ್ತಿದರೆ ಹಲವು ಕಾಳು ಕೊಡುವುದು ನೆಲ ಮಾತ್ರ ಎಂಬುದು ಅವರ ಗಟ್ಟಿ ನಂಬಿಕೆ. ಸಿದ್ಧಾಂತದ ಅತಿ ದುರ್ಬಲ ಕೊಂಡಿ ಇದೇ. ಕಾಳಿನ ಎಣಿಕೆ ಹೆಚ್ಚುವುದು ಬೇರೆ, ಬೆಲೆಯಲ್ಲಿ ಮಿಗುವುದು ಬೇರೆ. ಕೆನೇ ಈ ಎರಡನ್ನೂ ಒಂದೇ ಮಾಡಿಕೊಂಡರು. ಮಗ್ಗದಲ್ಲೂ ಕಮ್ಮಾರಸಾಲೆಯಲ್ಲೂ ಮಿಗತೆ ಹುಟ್ಟಬಹುದು ಎನ್ನುವುದು ಅವರ ಕೋಷ್ಟಕಕ್ಕೆ ಕಾಣಲೇ ಇಲ್ಲ.

‘ಒಳ್ಳೆಯ ಬೆಲೆ’: ಲೆಕ್ಕದ ತಿರುಳು

ಮುಕ್ತ ವ್ಯಾಪಾರ ಬೇಕೆಂದು ಅವರು ಹೇಳಿದ್ದು ಬರಿಯ ತತ್ತ್ವದ ಮೇಲಲ್ಲ. ಧಾನ್ಯದ ಲೇಖನದಲ್ಲಿ ಕೆನೇ ಒಂದು ಹೊಲದ ಐದು ಬಗೆಯ ವರ್ಷಗಳನ್ನು ಇಟ್ಟು ಲೆಕ್ಕ ಮಾಡಿದರು. ಅಳತೆ ಸೆತಿಯೆ, ಪ್ಯಾರಿಸ್‌ನಲ್ಲಿ ಸುಮಾರು 156 ಲೀಟರ್. ವ್ಯಾಪಾರಕ್ಕೆ ತಡೆ ಇದ್ದಾಗ ಚಿತ್ರ ಹೀಗೆ:

ಭರ್ಜರಿ ವರ್ಷ: 7 ಸೆತಿಯೆ, ಬೆಲೆ 10 ಲಿವ್ರ್, ಒಟ್ಟು 70
ಒಳ್ಳೆಯ ವರ್ಷ: 6 ಸೆತಿಯೆ, ಬೆಲೆ 12, ಒಟ್ಟು 72
ಸಾಧಾರಣ ವರ್ಷ: 5 ಸೆತಿಯೆ, ಬೆಲೆ 15, ಒಟ್ಟು 75
ಕಡಿಮೆ ಬೆಳೆ: 4 ಸೆತಿಯೆ, ಬೆಲೆ 20, ಒಟ್ಟು 80
ಕೆಟ್ಟ ವರ್ಷ: 3 ಸೆತಿಯೆ, ಬೆಲೆ 30, ಒಟ್ಟು 90

ತಿನ್ನುವವನು ಪ್ರತಿ ವರ್ಷವೂ ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತಾನೆ. ಆದ್ದರಿಂದ ಅವನಿಗೆ ಬೀಳುವ ಸರಾಸರಿ ಐದು ಬೆಲೆಗಳ ಸರಾಸರಿಯೇ: 87 ಲಿವ್ರ್ ಭಾಗ 5, ಅಂದರೆ 17 ಲಿವ್ರ್ 8 ಸೂ. ಬೆಳೆಗಾರನ ಪಾಡು ಬೇರೆ. ಅವನು ಹೆಚ್ಚು ಮಾರುವುದು ಬೆಲೆ ಬಿದ್ದ ವರ್ಷ, ಕಡಿಮೆ ಮಾರುವುದು ಬೆಲೆ ಏರಿದ ವರ್ಷ. ಐದು ವರ್ಷಕ್ಕೆ 25 ಸೆತಿಯೆ ಮಾರಿ 387 ಲಿವ್ರ್ ಪಡೆಯುತ್ತಾನೆ. ಸೆತಿಯೆಗೆ ಸುಮಾರು 15 ಲಿವ್ರ್ 9 ಸೂ. ಕೊಳ್ಳುವವನು ಕೊಟ್ಟದ್ದಕ್ಕೂ ಬೆಳೆದವನು ಪಡೆದದ್ದಕ್ಕೂ ನಡುವೆ ಸುಮಾರು ಎರಡು ಲಿವ್ರ್ ಅಂತರ. ಇದು ದಲ್ಲಾಳಿಯ ಕಮಿಷನ್ ಅಲ್ಲ. ಬೆಲೆಯ ಏರಿಳಿತವೇ ನುಂಗಿದ ಹಣ.

ಧಾನ್ಯವನ್ನು ಒಳಗೂ ಹೊರಗೂ ತಡೆಯಿಲ್ಲದೆ ಸಾಗಿಸಲು ಬಿಟ್ಟರೆ? ಹೆಚ್ಚು ಬೆಳೆದ ವರ್ಷ ಹೊರಗೆ ಹೋಗುತ್ತದೆ, ಕಡಿಮೆಯಾದ ವರ್ಷ ಒಳಗೆ ಬರುತ್ತದೆ. ಏರಿಳಿತ ಸಣ್ಣದಾಗಿ ಆ ಐದು ವರ್ಷಗಳ ಬೆಲೆ ಕ್ರಮವಾಗಿ 16, 17, 18, 19, 20 ಲಿವ್ರ್ ಆಗುತ್ತದೆ ಎಂದು ಕೆನೇ ಇಟ್ಟುಕೊಂಡರು. ಆಗ ತಿನ್ನುವವನ ಸರಾಸರಿ 18 ಲಿವ್ರ್. ಬೆಳೆಗಾರನಿಗೆ 25 ಸೆತಿಯೆಗೆ 440 ಲಿವ್ರ್, ಅಂದರೆ ಸೆತಿಯೆಗೆ 17 ಲಿವ್ರ್ 12 ಸೂ. ಕೊಳ್ಳುವವನಿಗೆ ಹೆಚ್ಚಾದದ್ದು 12 ಸೂ, ಬೆಳೆಗಾರನಿಗೆ ಹೆಚ್ಚಾದದ್ದು ಎರಡು ಲಿವ್ರ್‌ಗೂ ಮೇಲೆ.

ಅಂದಿನ ಮಟ್ಟಿಗೆ ಇದು ಅಸಾಧಾರಣ ಲೆಕ್ಕ ಎಂದೇ ಹೇಳಬೇಕು. ಬೆಲೆ ಹೆಚ್ಚಾಗಬೇಕು, ಕಡಿಮೆಯಾಗಬೇಕು ಎಂಬ ಹಗ್ಗಜಗ್ಗಾಟದಿಂದ ವಾದವನ್ನು ಬಿಡಿಸಿ, ಬೆಲೆ ಎಷ್ಟು ಅಲುಗುತ್ತದೆ ಎಂಬ ಪ್ರಶ್ನೆಯತ್ತ ತಿರುಗಿಸಿತು. ಹೀಗೆ ನೆಲೆನಿಂತ, ಬೆಳೆಗಾರನ ಮುಂಗಡವನ್ನು ಮರಳಿಸುವ ಬೆಲೆಯನ್ನೇ ಅವರು ‘ಒಳ್ಳೆಯ ಬೆಲೆ’ ಎಂದರು.

ಒಂದೇ ತೆರಿಗೆ

ತೆರಿಗೆಯನ್ನು ಉಪ್ಪಿನ ಮೇಲೆ ಹಾಕಿ, ಕೂಲಿಯ ಮೇಲೆ ಹಾಕಿ, ಅದು ಕೊನೆಗೆ ನೆಲಕ್ಕೇ ಬಂದು ಬೀಳುತ್ತದೆ ಎಂಬುದು ಅವರ ವಾದ. ಕೂಲಿಯವನ ಉಪ್ಪಿನ ಬೆಲೆ ಏರಿದರೆ ಅವನು ಹೆಚ್ಚು ಕೂಲಿ ಕೇಳುತ್ತಾನೆ. ಬೇಸಾಯಗಾರನ ಖರ್ಚು ಹೆಚ್ಚುತ್ತದೆ. ಅವನು ಗೇಣಿ ಕಡಿಮೆ ಮಾಡಿಸಿಕೊಂಡರೆ ಹೊರೆ ಒಡೆಯನಿಗೆ. ಒಪ್ಪಂದದ ಅವಧಿ ಮುಗಿಯದೆ ಗೇಣಿ ಇಳಿಸಲಾಗದಿದ್ದರೆ ಅವನು ತನ್ನ ಮುಂಗಡದಿಂದಲೇ ಕಟ್ಟುತ್ತಾನೆ: ಒಂದು ಕುದುರೆ ಮಾರುತ್ತಾನೆ, ಗೊಬ್ಬರ ಕಡಿಮೆ ಹಾಕುತ್ತಾನೆ. ಮರುವರ್ಷ ಇಳುವರಿ ಇಳಿಯುತ್ತದೆ, ತೆರಿಗೆ ಅಷ್ಟೇ ಇರುತ್ತದೆ, ಹೊಡೆತ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಜೊತೆಗೆ ವಸೂಲಿ ಗುತ್ತಿಗೆದಾರನ ಲಾಭ ಬೇರೆ.

ಹಾಗಾದರೆ ಸುತ್ತುದಾರಿ ಏಕೆ? ನಿವ್ವಳ ಉತ್ಪನ್ನದ ಮೇಲೆ ನೇರವಾಗಿ ಒಂದೇ ತೆರಿಗೆ ಹಾಕಿ ಎಂದರು. 1766ರ ಲೆಕ್ಕದಲ್ಲಿ 200 ಕೋಟಿಯ ಏಳು ಪಾಲಿನಲ್ಲಿ ನಾಲ್ಕು ಜಮೀನುದಾರರಿಗೆ, ಎರಡು ರಾಜನಿಗೆ, ಒಂದು ಚರ್ಚಿಗೆ. ರಾಜನ ಪಾಲು ಸುಮಾರು 57 ಕೋಟಿ 20 ಲಕ್ಷ ಲಿವ್ರ್. ಬೇಸಾಯಗಾರನ ಮುಂಗಡಕ್ಕೂ ಕುಶಲಕರ್ಮಿಯ ಕೂಲಿಗೂ ತೆರಿಗೆಯೇ ಇಲ್ಲ. ಗಣ್ಯರ ವಿನಾಯಿತಿಯನ್ನು ಇದು ನೇರವಾಗಿ ಕೆಣಕುತ್ತದೆ ಎಂಬುದು ಓದಿದವರಿಗೆಲ್ಲ ಗೊತ್ತಾಯಿತು. 1760ರಲ್ಲಿ ತೆರಿಗೆಯ ಬಗ್ಗೆ ಪುಸ್ತಕ ಬರೆದು ವಸೂಲಿ ಗುತ್ತಿಗೆದಾರರನ್ನು ಖಂಡಿಸಿದ ಮಿರಾಬೊ ಕೆಲವು ದಿನ ವ್ಯಾಂಸೆನ್ ಕೋಟೆಯಲ್ಲಿ ಸೆರೆಯಿದ್ದು, ಬಳಿಕ ತಮ್ಮ ಜಮೀನಿಗೆ ಗಡೀಪಾರಾದರು.

ಜರ್ಮನಿಯ ಬಾಡೆನ್ ಸಂಸ್ಥಾನದ ದೊರೆ ಕಾರ್ಲ್ ಫ್ರೀಡ್ರಿಷ್ 1770ರ ಸುಮಾರಿಗೆ ಮೂರು ಹಳ್ಳಿಗಳಲ್ಲಿ ಇದನ್ನು ಪ್ರಯೋಗಿಸಿ ನೋಡಿದ. ಎರಡರಲ್ಲಿ ಕೆಲವೇ ವರ್ಷಗಳಲ್ಲಿ ಕೈಬಿಡಬೇಕಾಯಿತು. ಕೋಷ್ಟಕದ ಬಲವಾದ ಬೇಸಾಯಗಾರ ಆ ಸಣ್ಣ ಹಿಡುವಳಿಗಳಲ್ಲಿ ಇರಲಿಲ್ಲ.

ಪ್ರಭುವಿನ ಕೆಲಸ ಏನು?

ನಿಯಮಗಳು ಪ್ರಕೃತಿಯಲ್ಲೇ ಇದ್ದರೆ ರಾಜ ಏಕೆ ಬೇಕು? ರಾಜ ಕಾನೂನು ಹುಟ್ಟಿಸುವವನಲ್ಲ, ಇರುವ ನಿಯಮವನ್ನು ಗುರುತಿಸಿ ಸಾರುವವನು ಎಂಬುದು ಅವರ ಉತ್ತರ. ಹಾಗೆ ಸಾರಲು ಅವನಿಗೆ ಪೂರ್ತಿ ಅಧಿಕಾರ ಬೇಕು. ವಂಶಪಾರಂಪರ್ಯದ ಒಬ್ಬನೇ ದೊರೆ, ನಿವ್ವಳ ಉತ್ಪನ್ನದಲ್ಲಿ ಅವನಿಗೂ ಪಾಲು. ಹೀಗಿದ್ದರೆ ದೇಶದ ಬೆಳೆ ಬೆಳೆದಷ್ಟೂ ಅವನ ಬೊಕ್ಕಸ ತುಂಬುತ್ತದೆ, ಇಬ್ಬರ ಹಿತವೂ ಒಂದೇ. ಇದಕ್ಕೆ ಅವರಿಟ್ಟ ಹೆಸರು ‘ಕಾನೂನುಬದ್ಧ ನಿರಂಕುಶತೆ’. ಯೂಕ್ಲಿಡ್ ನಿಜವಾದ ನಿರಂಕುಶ ಪ್ರಭು ಎಂದು ಲ ಮರ್ಸಿಯೆ ಬರೆದರು; ರೇಖಾಗಣಿತದ ಸತ್ಯಕ್ಕೆ ಎಲ್ಲರೂ ತಲೆಬಾಗುತ್ತಾರೆ, ಆದರೆ ಯಾರಿಗೂ ಬಲವಂತ ಎನಿಸುವುದಿಲ್ಲ.

ದೊರೆ ದಾರಿ ತಪ್ಪದಂತೆ ಎರಡು ಕಾವಲು. ಸಹಜ ಕ್ರಮಕ್ಕೆ ವಿರುದ್ಧವಾದ ಆಜ್ಞೆಯನ್ನು ಜಾರಿ ಮಾಡಲು ಒಪ್ಪದ ನ್ಯಾಯಾಧೀಶರು ಒಂದು. ಇನ್ನೊಂದು, ಎಲ್ಲರಿಗೂ ಈ ನಿಯಮಗಳನ್ನು ಕಲಿಸುವ ಸಾರ್ವಜನಿಕ ಶಿಕ್ಷಣ. ಜನರಿಗೆ ಸತ್ಯ ಸ್ಪಷ್ಟವಾಗಿ ತಿಳಿದಿದ್ದರೆ ದೊರೆ ಅದನ್ನು ಮೀರಲಾರ ಎಂಬ ವಿಶ್ವಾಸ. 1767ರಲ್ಲಿ ಮಿರಾಬೊಗೆ ಬರೆದ ಪತ್ರದಲ್ಲಿ ರೂಸೋ ಇದನ್ನು ತಿರಸ್ಕರಿಸಿದರು: ಮನುಷ್ಯರು ತಿಳಿದೂ ತಿಳಿದೂ ತಮ್ಮ ರಾಗದ್ವೇಷಗಳ ಹಿಂದೆ ಹೋಗುವವರು.

‘ಲೆಸೆ ಫೇರ್’, ಅಂದರೆ ‘ಮಾಡಲು ಬಿಡಿ’ ಎಂಬ ಘೋಷಣೆಯನ್ನು ಬಳಕೆಗೆ ತಂದವರಲ್ಲಿ ಮುಖ್ಯರು ವ್ಯಾಪಾರ ಇಲಾಖೆಯ ಅಧಿಕಾರಿ ಗೂರ್ನೇ. ಫಿಸಿಯೋಕ್ರಾಟರು ಅದನ್ನು ಎತ್ತಿಕೊಂಡರು. ಆದರೆ ಅವರ ಬಾಯಲ್ಲಿ ಅದು ಸರ್ಕಾರ ಕೈಕಟ್ಟಿ ಕೂರಲಿ ಎಂದಾಗಲಿಲ್ಲ. ಆಸ್ತಿಗೆ ರಕ್ಷಣೆ, ರಸ್ತೆ, ಕಾಲುವೆ, ಶಾಲೆ, ಭೂಮಿಯ ಅಳತೆ, ಹಳೆಯ ತಡೆಗಳನ್ನು ಕಿತ್ತೊಗೆಯುವ ಕೆಲಸ ಎಲ್ಲವೂ ಪ್ರಭುವಿನ ತಲೆಯ ಮೇಲೇ ಇತ್ತು.

ಪರೀಕ್ಷೆಗೆ ಬಿದ್ದಾಗ

1763ರ ಮೇ ತಿಂಗಳಲ್ಲಿ ದೇಶದೊಳಗಿನ ಧಾನ್ಯ ವ್ಯಾಪಾರವನ್ನು ರಾಜಾಜ್ಞೆ ಮುಕ್ತಗೊಳಿಸಿತು. 1764ರ ಜುಲೈನಲ್ಲಿ ರಫ್ತಿಗೂ ಅನುಮತಿ ಸಿಕ್ಕಿತು, ಬೆಲೆ ಒಂದು ಮಿತಿ ದಾಟಿದರೆ ರಫ್ತು ನಿಲ್ಲಬೇಕು ಎಂಬ ಷರತ್ತಿನೊಂದಿಗೆ. ಆ ಬೆನ್ನಿಗೇ ಸಾಲಾಗಿ ಕೆಟ್ಟ ಸುಗ್ಗಿಗಳು ಬಂದವು. ಬೆಲೆ ಏರಿತು, ಗಲಭೆಗಳಾದವು. ರಾಜನೇ ಧಾನ್ಯ ಕೂಡಿಟ್ಟು ಜನರನ್ನು ಹಸಿವಿಗೆ ದೂಡುತ್ತಿದ್ದಾನೆ ಎಂಬ ಗಾಳಿಸುದ್ದಿ ಹಬ್ಬಿತು. 1770ರಲ್ಲಿ ಮಂತ್ರಿ ತೆರ್ರೇ ಹಳೆಯ ನಿಯಂತ್ರಣಗಳನ್ನು ಮರಳಿ ತಂದರು.

ಎರಡನೇ ಪ್ರಯತ್ನ ತ್ಯುರ್ಗೊ ಅವರದು. ಗುಂಪಿನ ಶಿಷ್ಯ ಎನಿಸಿಕೊಳ್ಳಲು ಅವರು ಒಪ್ಪುತ್ತಿರಲಿಲ್ಲ, ಆದರೆ ಧಾನ್ಯದ ವಿಷಯದಲ್ಲಿ ನಿಲುವು ಒಂದೇ. 1774ರ ಆಗಸ್ಟ್‌ನಲ್ಲಿ ಹಣಕಾಸು ಮಂತ್ರಿಯಾಗಿ, ಸೆಪ್ಟೆಂಬರ್ 13ರಂದೇ ಒಳನಾಡಿನ ವ್ಯಾಪಾರವನ್ನು ಮತ್ತೆ ಮುಕ್ತಗೊಳಿಸಿದರು. ಆ ವರ್ಷದ ಸುಗ್ಗಿಯೂ ಕೈಕೊಟ್ಟಿತು. 1775ರ ವಸಂತಕ್ಕೆ ಪ್ಯಾರಿಸ್‌ನಲ್ಲಿ ನಾಲ್ಕು ಪೌಂಡಿನ ರೊಟ್ಟಿ 14 ಸೂ ಮುಟ್ಟಿತು. ಏಪ್ರಿಲ್ 27ರಂದು ಬೋಮೋಂ ಸಂತೆಯಲ್ಲಿ ಗಲಭೆ ಶುರುವಾಗಿ ಮೇ 2ಕ್ಕೆ ವರ್ಸೈ, ಮೇ 3ಕ್ಕೆ ಪ್ಯಾರಿಸ್ ತಲುಪಿತು. ಇದಕ್ಕೆ ‘ಹಿಟ್ಟಿನ ಯುದ್ಧ’ ಎಂದು ಹೆಸರು. ಹಲವು ಕಡೆ ಜನ ಧಾನ್ಯ ದೋಚಲಿಲ್ಲ. ಮೂಟೆ ಬಿಚ್ಚಿಸಿ, ತಮಗೆ ನ್ಯಾಯ ಕಂಡ ಬೆಲೆ ತಾವೇ ಕಟ್ಟಿ, ಹಣ ಕೊಟ್ಟು ಒಯ್ದರು. ತ್ಯುರ್ಗೊ ಸೈನ್ಯ ಕಳಿಸಿದರು. ಪ್ಯಾರಿಸ್‌ನಲ್ಲಿ ಇಬ್ಬರನ್ನು ಗಲ್ಲಿಗೇರಿಸಲಾಯಿತು.

ಕೋಷ್ಟಕ ಎಲ್ಲಿ ಎಡವಿತು? ಕೊರತೆಯ ಕಡೆಗೆ ಧಾನ್ಯ ತಾನಾಗಿ ಹರಿಯಬೇಕಾದರೆ ಬಂಡವಾಳವುಳ್ಳ ವ್ಯಾಪಾರಿಗಳು, ಗೋದಾಮು, ಒಳ್ಳೆಯ ರಸ್ತೆ, ಬೆಲೆಯ ಸುದ್ದಿ ಎಲ್ಲವೂ ಮೊದಲೇ ಇರಬೇಕು. ನೂರು ವರ್ಷ ತಡೆಯಲ್ಲಿದ್ದ ವ್ಯಾಪಾರಕ್ಕೆ ಅವು ಇರಲಿಲ್ಲ. ರೊಟ್ಟಿಯ ಬೆಲೆ ಏರಿದರೆ ಕೂಲಿಯೂ ಏರುತ್ತದೆ ಎಂದು ಫಿಸಿಯೋಕ್ರಾಟರು ಹೇಳಿದ್ದರು. ಏರುತ್ತದೆ, ಆದರೆ ತಡವಾಗಿ. ಇಟಲಿಯ ಗಾಲಿಯಾನಿ 1770ರಲ್ಲಿ ಪ್ರಕಟಿಸಿದ ಸಂವಾದಗಳಲ್ಲಿ ಈ ನರವನ್ನೇ ಹಿಡಿದಿದ್ದರು: ಪ್ರಕೃತಿ ಎಲ್ಲವನ್ನೂ ಸಮತೋಲಕ್ಕೆ ತರುತ್ತದೆ ನಿಜ, ಆದರೆ ಅದಕ್ಕೆ ಹಿಡಿಯುವ ಕಾಲ ಅದರದೇ, ಹಸಿದವನು ಅಷ್ಟು ದಿನ ಕಾಯಲಾರ. ಐದು ವರ್ಷದ ಸರಾಸರಿ 18 ಲಿವ್ರ್ ಎನ್ನುವುದು ಒಂದು ವಾರದ ಕೂಲಿಯಲ್ಲಿ ಬದುಕುವವನಿಗೆ ಏನೂ ಹೇಳುವುದಿಲ್ಲ.

1776ರ ಆರಂಭದಲ್ಲಿ ತ್ಯುರ್ಗೊ ಬಿಟ್ಟಿ ದುಡಿಮೆಯನ್ನೂ ಕಸುಬು ಸಂಘಗಳನ್ನೂ ರದ್ದು ಮಾಡಿದರು. ರಸ್ತೆಯ ಖರ್ಚು ಜಮೀನುದಾರರ ಮೇಲೆ ಬಂತು. ವಿರೋಧ ಕಟ್ಟೆಯೊಡೆಯಿತು, ಮೇ 12ರಂದು ಅವರನ್ನು ತೆಗೆದುಹಾಕಲಾಯಿತು.

ಉಳಿದದ್ದು

ಆಡಂ ಸ್ಮಿತ್ 1766ರಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಕೆನೇ ಅವರನ್ನು ಕಂಡಿದ್ದರು, ಬಹಳ ಗೌರವಿಸುತ್ತಿದ್ದರು. ಆದರೂ 1776ರ ತಮ್ಮ ಗ್ರಂಥದಲ್ಲಿ ಒಂದು ಮಾತು ಹೇಳಿದರು: ಕಟ್ಟುನಿಟ್ಟಾದ ಪಥ್ಯ ಮಾಡಿದರೆ ಮಾತ್ರ ದೇಹ ಆರೋಗ್ಯವಾಗಿರುತ್ತದೆ ಎಂದು ವೈದ್ಯರು ನಂಬುವಂತೆ, ಪೂರ್ಣ ಸ್ವಾತಂತ್ರ್ಯ ಪೂರ್ಣ ನ್ಯಾಯ ಇದ್ದರೆ ಮಾತ್ರ ದೇಶ ಏಳಿಗೆಯಾಗುತ್ತದೆ ಎಂದು ಕೆನೇ ನಂಬಿದರು; ಆದರೆ ತನ್ನ ಸ್ಥಿತಿ ಸುಧಾರಿಸಿಕೊಳ್ಳಲು ಪ್ರತಿಯೊಬ್ಬನೂ ಪಡುವ ಶ್ರಮ ಕೆಟ್ಟ ಕಾನೂನುಗಳ ನಡುವೆಯೂ ದೇಶವನ್ನು ಉಳಿಸುತ್ತದೆ. ಇಬ್ಬರ ‘ಸಹಜ’ ಬೇರೆಯಾಗುವುದು ಇಲ್ಲೇ.

ಕೋಷ್ಟಕಕ್ಕೆ ಇನ್ನೊಂದು ಆಯುಷ್ಯವೂ ಸಿಕ್ಕಿತು. ಇಡೀ ದೇಶದ ಉತ್ಪಾದನೆಯನ್ನು ವರ್ಗ ವರ್ಗಗಳ ನಡುವಿನ ಹರಿವಾಗಿ ಕಂಡದ್ದನ್ನು ಮಾರ್ಕ್ಸ್ ಮೆಚ್ಚಿ ಬರೆದರು. ಯಾವ ಉದ್ಯಮ ಯಾವುದರಿಂದ ಎಷ್ಟು ಕೊಳ್ಳುತ್ತದೆ ಎಂಬ ಪಟ್ಟಿಯನ್ನು ಅಮೆರಿಕಕ್ಕೆ ಮಾಡಿದ ವಾಸಿಲಿ ಲಿಯೊಂಟಿಯೆಫ್ ತಮ್ಮ ಕೆಲಸವನ್ನು ಕೆನೇ ಕೋಷ್ಟಕದ ಸಾಲಿನಲ್ಲಿಟ್ಟರು. 1973ರಲ್ಲಿ ಅವರಿಗೆ ನೊಬೆಲ್ ಬಂತು.

ಭಾರತಕ್ಕೂ ಈ ವಿಚಾರದ ಒಂದು ಕವಲು ಬಂದಿದೆ. ಈಸ್ಟ್ ಇಂಡಿಯಾ ಕಂಪನಿಯ ಕಲ್ಕತ್ತಾ ಮಂಡಳಿಯ ಸದಸ್ಯ ಫಿಲಿಪ್ ಫ್ರಾನ್ಸಿಸ್ ಫಿಸಿಯೋಕ್ರಾಟರನ್ನು ಓದಿಕೊಂಡವರು. ಜಮೀನಿನ ಒಡೆತನ ಭದ್ರವಾಗಿ, ತೆರಿಗೆ ಒಮ್ಮೆ ನಿಗದಿಯಾದರೆ ಒಡೆಯ ನೆಲಕ್ಕೆ ಬಂಡವಾಳ ಹಾಕುತ್ತಾನೆ ಎಂದು ನಂಬಿ 1776ರಲ್ಲಿ ಬಂಗಾಳಕ್ಕೆ ಶಾಶ್ವತ ಕಂದಾಯದ ಯೋಜನೆ ಮುಂದಿಟ್ಟರು. ಈ ನಂಟನ್ನು ಇತಿಹಾಸಕಾರ ರಣಜಿತ್ ಗುಹಾ 1963ರಲ್ಲಿ ವಿವರವಾಗಿ ತೋರಿಸಿದ್ದಾರೆ. 1793ರಲ್ಲಿ ಕಾರ್ನ್‌ವಾಲಿಸ್ ಶಾಶ್ವತ ಜಮೀನ್ದಾರಿ ಪದ್ಧತಿ ಜಾರಿಗೆ ತಂದ. ಬಳ್ಳಾರಿ, ಕೆನರಾ, ಮುಂಬಯಿ ಕರ್ನಾಟಕಕ್ಕೆ ಬಂದ, ಸರ್ಕಾರ ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯ ಬೇರು ಬೇರೆ. ಕೆನೇ ಹಾಕಿದ್ದ ಪಾಲಿನ ಲೆಕ್ಕ ಬಂಗಾಳದಲ್ಲಿ ಉಳಿಯಲಿಲ್ಲ: ಅವರು ರಾಜನಿಗೆ ಏಳರಲ್ಲಿ ಎರಡು ಪಾಲು ಎಂದಿದ್ದರೆ, ಕಂಪನಿ ಗೇಣಿಯ ಹನ್ನೊಂದರಲ್ಲಿ ಹತ್ತು ಪಾಲನ್ನು ತನಗೆ ಇಟ್ಟುಕೊಂಡಿತು. ಗೊತ್ತಾದ ದಿನ ಸೂರ್ಯ ಮುಳುಗುವುದರೊಳಗೆ ಕಂದಾಯ ಕಟ್ಟದ ಜಮೀನ್ದಾರರ ಆಸ್ತಿಗಳು ಹರಾಜಿಗೆ ಬಂದವು. ಅವನ್ನು ಕೊಂಡವರಲ್ಲಿ ಅನೇಕರು ನೆಲದ ಬಳಿಗೇ ಬಾರದೆ ನಗರದಲ್ಲಿ ಕೂತು ಗೇಣಿ ಎಣಿಸಿದರು.